ಎದ್ದವನಿಗೆ ಹಾಕಿದ ಕುರ್ಚಿ

ನನ್ನ ತಮ್ಮ ಸತ್ತು ಎದ್ದ ದಿನದಿಂದ ನಮ್ಮ ಮನೆಯಲ್ಲಿ ಚಹಾಪುಡಿ ನಿಲ್ಲದಾಯಿತು. ಒಬ್ಬರು ಹೋದರೆ ಇಬ್ಬರು ಬರುವರು. ಬಂದವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುವರು, ಕೈ ಮುಟ್ಟಿ ಬೆಚ್ಚಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವರು, ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮ, ಸ್ವಲ್ಪ ಚಹಾ ಸಿಗುತ್ತಾ?" ಅನ್ನುವರು. ಪವಾಡ ನೋಡಿದವರಿಗೆ ಇಷ್ಟು ಬಾಯಾರಿಕೆ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ಮೂರೇ ಜನರ ಮನೆ. ನಾನು ದೊಡ್ಡವಳು, ಗಂಡ ತೀರಿಹೋಗಿ ಬಹಳ ಕಾಲವಾಯಿತು. ನನ್ನ ಹಿಂದೆ ಹುಟ್ಟಿದ ತಂಗಿ ಮದುವೆ ಬೇಡವೆಂದು ಉಳಿದವಳು. ಎಲ್ಲರಿಗಿಂತ ಚಿಕ್ಕವನು ತಮ್ಮ. ಬೈಬಲಿನಲ್ಲಿ ಸ್ವಾಮಿ ಸಮಾಧಿಯಿಂದ ಎಬ್ಬಿಸಿದ ಲಾಜರ, ಅವನ ಅಕ್ಕಂದಿರು ಮಾರ್ಥ, ಮರಿಯ, ಇವರ ಲೆಕ್ಕಕ್ಕೆ ಸರಿಯಾಯಿತಲ್ಲ, ಬೀದಿಯವರೆಲ್ಲ ನಮ್ಮ ಮನೆಯನ್ನು ಅವರ ಊರಿನ ಹೆಸರು ಹಿಡಿದು ಬೇಥಾನ್ಯ ಎಂದು ಕರೆಯತೊಡಗಿದರು. ನನಗೆ ಮಾರ್ಥಳ ಪಾಲು ಬಂತು. ನಾನು ತಲೆ ನರೆಯುವ ಹೊತ್ತಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಓದುವುದು ನಿಧಾನ. ಬಟ್ಟೆಗೆ ಮುಳ್ಳು ಹತ್ತಿದ ಹಾಗೆ ನಿಧಾನವಾಗಿ ಓದುವವರಿಗೆ ಸಣ್ಣ ಮಾತುಗಳೂ ಹತ್ತಿಕೊಂಡು ಬರುತ್ತವೆ. ಲಾಜರ ಎದ್ದ ಮೇಲೆ ಒಂದು ಊಟ ನಡೆಯಿತಂತೆ. ಲಾಜರ ಪಂಕ್ತಿಯಲ್ಲಿ ಕೂತಿದ್ದ, ಮರಿಯ ಸ್ವಾಮಿಯ ಪಾದದ ಹತ್ತಿರ ಇದ್ದಳು, ಮಾರ್ಥ ಬಡಿಸುತ್ತಿದ್ದಳು. ಇಷ್ಟು ವರ್ಷ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ದಿನ ಪಾತ್ರೆ ತೊಳೆದವರು ಯಾರು ಎಂದು ಒಬ್ಬರೂ ಕೇಳಿದ್ದಿಲ್ಲ.

ತಮ್ಮ ಐಸ್ ಫ್ಯಾಕ್ಟರಿಯ ಆಳು. ಮೀಸೆ ಚಿಗುರುವ ಮೊದಲೇ ಸೇರಿದವನು. ತಗಡಿನ ಡಬ್ಬಿಯಿಂದ ಐಸ್‌ಗಡ್ಡೆಯನ್ನು ಕೊಕ್ಕೆ ಹಾಕಿ ಎಳೆದು, ಒದ್ದೆ ಹಲಗೆಯ ಮೇಲೆ ಜಾರಿಸಿ, ಉಗ್ರಾಣಕ್ಕೆ ತಳ್ಳಿ, ಮೇಲೆ ಮರದ ಪುಡಿ ಮುಚ್ಚಿಡುವುದು ಅವನ ಕೆಲಸ. ಹೆಸರು ಹಿಡಿದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಗಡ್ಡೆ ಅನ್ನುತ್ತಿದ್ದರು, ಅವನೂ ಓ ಅನ್ನುತ್ತಿದ್ದ. ಬಾಯಿ ತೆರೆದರೆ ನಗು. ಸುಳ್ಳು ಮಾತ್ರ ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಐಸ್ ಥರಾನೇ ಇವನು, ಒಳಗಿರೋದೆಲ್ಲ ಆಚೆಗೆ ಕಾಣುತ್ತೆ ಎಂದು ನಮ್ಮಮ್ಮ ಅನ್ನುತ್ತಿದ್ದಳು.

ಆ ಉಗ್ರಾಣದ ಬಾಗಿಲು ದಪ್ಪ ಹಲಗೆಯದು. ಚಿಲಕ ಇದ್ದದ್ದು ಹೊರಗಡೆ ಮಾತ್ರ. ಒಂದು ಸಂಜೆ ಪಾಳಿ ಬದಲಾಗುವಾಗ ಯಾರೋ ಹೋಗುತ್ತ ಹೋಗುತ್ತ ಬಾಗಿಲು ನೂಕಿದರು, ಚಿಲಕ ಬಿತ್ತು. ಗಡ್ಡೆ ಮನೆಗೆ ಹೋದ ಎಂದು ಅವರು ಅಂದುಕೊಂಡರು. ಓವರ್‌ಟೈಮ್ ಮಾಡುತ್ತಿದ್ದಾನೆ ಎಂದು ನಾವು ಅಂದುಕೊಂಡೆವು. ಬೆಳಗ್ಗೆ ಬಾಗಿಲು ತೆಗೆದರೆ ಮರದ ಪುಡಿಯಲ್ಲಿ ಮುದುಡಿ ಬಿದ್ದಿದ್ದನಂತೆ. ಐಸ್ ಹೊರುವ ಕೈಗಾಡಿಯಲ್ಲೇ ಮನೆಗೆ ತಂದರು. ಡಾಕ್ಟರು ಊರಲ್ಲಿರಲಿಲ್ಲ. ಕಾಂಪೌಂಡರು ಬಂದು ಕೈ ಹಿಡಿದು ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ತಲೆ ಆಡಿಸಿದರು. ತಂಗಿ ನೆಲಕ್ಕೆ ಬಿದ್ದಳು. ನಮ್ಮ ಸಭೆಯ ಪಾದ್ರಿಗೆ, ನಾವೆಲ್ಲ ಅಯ್ಯನವರು ಅನ್ನುತ್ತೇವೆ, ಹೇಳಿ ಕಳಿಸಿದರು.

ನಾನು ನೀರು ಕಾಯಿಸಿದೆ.

ಪಕ್ಕದ ಮನೆಯವಳು, "ಹೆಣದ ಸ್ನಾನಕ್ಕೆ ಬಿಸಿನೀರಾ ಅಕ್ಕ? ತಣ್ಣೀರು ಸಾಕಲ್ಲ" ಅಂದಳು.

"ಜೀವಮಾನವೆಲ್ಲ ಐಸ್ ಜೊತೆ ಬಾಳಿದವನು ಕಣೇ. ಕಡೇ ಸಲನಾದ್ರೂ ಬೆಚ್ಚಗೆ ಇರ್ಲಿ" ಅಂದೆ.

ಟವಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಎದೆಯ ಮೇಲೆ ಹಾಕಿದೆ. ಆರಿದಾಗ ಮತ್ತೆ ಅದ್ದಿ ಹಾಕಿದೆ. ಪಾದ ತಿಕ್ಕಿದೆ. ಅಯ್ಯನವರು ತಲೆಯ ಕಡೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಕಣ್ಣಲ್ಲಿ ನಿಜವಾದ ನೀರಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಅವರು ದನಿ ಎತ್ತಿ "ಎದ್ದೇಳು!" ಅಂದದ್ದೂ ನಿಜ, ಅದೇ ಹೊತ್ತಿಗೆ ನನ್ನ ಕೈಯ ಕೆಳಗೆ ಅವನ ಎದೆ ಒಂದು ಸಲ ಮೇಲೆದ್ದದ್ದೂ ನಿಜ. ಕೆಮ್ಮಿದ. ತುಟಿ ಅಲುಗಿತು. ಅವನು ಆಡಿದ ಮೊದಲ ಮಾತು, "ಬಾಗಿಲು ತೆಗೀರಿ."

ಎಬ್ಬಿಸಿದ್ದು ಪ್ರಾರ್ಥನೆಯೋ ಬಿಸಿನೀರೋ ಎಂದು ನನ್ನನ್ನು ಕೇಳಬೇಡಿ. ದೇವರಿಗೆ ಬಿಸಿನೀರಿನಲ್ಲಿ ಕೈ ಅದ್ದಲು ಬರುವುದಿಲ್ಲವೇ? ಅದರ ಬಗ್ಗೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಆಮೇಲಿನದು.

ಮೊದಲನೆಯ ಸಿಟ್ಟು ಆ ಭಾನುವಾರವೇ ಬಂತು. ಗುಡಿಯಲ್ಲಿ, ನಾವು ಚರ್ಚಿಗೆ ಹಾಗನ್ನುವುದು, ಪ್ರಸಂಗದ ಮೇಜಿನ ಪಕ್ಕಕ್ಕೆ ಒಂದು ಕುರ್ಚಿ ಬಂದಿತ್ತು. ಕೆಂಪು ಮೆತ್ತೆಯದು, ಕೈ ಇರುವುದು, ದೊಡ್ಡವರು ಬಂದಾಗ ಹಾಕುವುದು. ಅದರ ಮೇಲೆ ತಮ್ಮನನ್ನು ಕೂರಿಸಿದರು. ಅಯ್ಯನವರು, "ಈ ಮನುಷ್ಯ ಪರಲೋಕದ ಹೊಸ್ತಿಲಲ್ಲಿ ನಿಂತು, ಬಾಗಿಲು ತೆಗೀರಿ ಅಂತ ಕೂಗಿದ!" ಎಂದು ಪ್ರಸಂಗ ಮಾಡಿದರು. ಜನ ಸ್ತೋತ್ರ ಸ್ತೋತ್ರ ಅಂದರು. ನನಗೆ ಮೈ ಉರಿದುಹೋಯಿತು. ಯಾವ ಪರಲೋಕ? ಚಿಲಕ ಹೊರಗಿದ್ದ ಆ ಹಲಗೆ ಬಾಗಿಲನ್ನಲ್ಲವೇ ನನ್ನ ತಮ್ಮ ಬಡಿದದ್ದು? ಅವನ ಬೆರಳಿನ ಗೆಣ್ಣುಗಳು ಸುಲಿದಿದ್ದನ್ನು ಒರೆಸಿದವಳು ನಾನು.

ಮೈಯಲ್ಲಿ ಬಲ ಬಂದ ಮೇಲೆ ಅವನು ಕೆಲಸಕ್ಕೆ ಹೊರಟ. ಮೋಟು ಚಡ್ಡಿ, ರಬ್ಬರ್ ಬೂಟು, ಹೆಗಲ ಮೇಲೆ ಕೊಕ್ಕೆ. ಹೋದಷ್ಟೇ ಬೇಗ ತಿರುಗಿ ಬಂದ. ಹೊಸ್ತಿಲಲ್ಲೇ ಕೂತುಬಿಟ್ಟ.

"ಏನಾಯ್ತೋ?"

"ಮೇಸ್ತ್ರಿ ಒಳಗೆ ಬಿಡ್ಲಿಲ್ಲ ಅಕ್ಕ."

"ಯಾಕಂತೆ?"

"ನಿನಗ್ಯಾಕಪ್ಪ ಇನ್ನು ಕೆಲಸ, ನೀನೀಗ ದೇವರ ಮನುಷ್ಯ ಅಂದ. ಅಯ್ಯನವರು ಬಂದು ಹೇಳಿ ಹೋಗಿದಾರಂತೆ, ಇವನನ್ನ ಸಾಕ್ಷಿಗೆ ಅಂತ ಎತ್ತಿಟ್ಟಿದೀವಿ, ಇವನು ಐಸ್ ಎಳೆದ್ರೆ ಸಭೆಗೆ ಅವಮಾನ ಅಂತ." ಅವನು ನಗಲು ನೋಡಿದ. "ಮೀನು ಮಾರೋ ಮೀನಮ್ಮನೂ ಅಲ್ಲೇ ಇದ್ಳು. ನಿನ್ನ ಕೈ ತಾಗಿದ ಐಸ್ ನನ್ನ ಬುಟ್ಟಿಗೆ ಬೇಡಪ್ಪೋ, ಸತ್ತ ಮೀನೆಲ್ಲ ಎದ್ದು ಓಡಿಬಿಟ್ರೆ ನಾನೇನು ಮಾರ್ಲಿ ಅಂದ್ಳು. ಎಲ್ರೂ ಬಿದ್ದು ಬಿದ್ದು ನಕ್ರು."

"ನೀನು?"

"ನಾನೂ ನಕ್ಕೆ. ಚೆನ್ನಾಗಿತ್ತಲ್ಲ ಮಾತು." ಆಮೇಲೆ ಅವನ ಮುಖ ಸಣ್ಣದಾಯಿತು. "ಅಕ್ಕ, ಯಾರೂ ನನ್ನ ಗಡ್ಡೆ ಅನ್ಲಿಲ್ಲ. ದೇವರ ಮನುಷ್ಯ ಅಂತಾರೆ."

ಮರುದಿನ ನಾನೇ ಹೋದೆ. ಮೇಸ್ತ್ರಿ ಕೆಟ್ಟವನಲ್ಲ, ಅಂಜುಬುರುಕ. ಗೇಟಿನಲ್ಲೇ ನಿಂತು ಬೀಗದ ಕೈ ತಿರುಗಿಸುತ್ತ, "ಅಮ್ಮಾ, ನನಗೇನು ಹಗೆ? ಅವನ ಜಾಗ ಇನ್ನೂ ಖಾಲಿ ಇಟ್ಟಿದೀನಿ. ಅವನಷ್ಟು ನೀಟಾಗಿ ಗಡ್ಡೆ ಎಳೆಯೋರು ಯಾರಿದಾರೆ? ಆದ್ರೆ ಅಯ್ಯನವರ ಮಾತು ಮೀರಿ ನಾನು ಒಳಗೆ ಬಿಟ್ಟು, ನಾಳೆ ಏನಾದ್ರೂ ಆದ್ರೆ? ದೇವರಿಗೆ ಅಂತ ಎತ್ತಿಟ್ಟಿದ್ದನ್ನ ಮುಟ್ಟಿದ ಅಂತಾರೆ. ಅವರು ಹೋಗ್ಲಿ ಬಿಡಿ ಅಂತ ಸಭೆ ಮುಂದೆ ಒಂದು ಮಾತು ಹೇಳ್ಲಿ, ಅವತ್ತೇ ಬರ್ಲಿ" ಅಂದ.

"ಆ ಬಾಗಿಲಿಗೆ ಒಳಗಿನಿಂದ ತೆಗೆಯೋ ಚಿಲಕ ಹಾಕಿಸಿದೆಯಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಅದು... ಎಲ್ರೂ ಪವಾಡದ ಗದ್ದಲದಲ್ಲಿ..."

ನೋಡಿ. ಪಕ್ಕದೂರುಗಳಿಂದ ಜನ ಬಂದರು, ಹಾಡು ಕಟ್ಟಿದರು, ಉಪವಾಸ ಮಾಡಿದರು. ಒಂದು ಚಿಲಕ ಹಾಕಬೇಕೆಂದು ಒಂದು ನರಪಿಳ್ಳೆಗೂ ಹೊಳೆಯಲಿಲ್ಲ.

ಅಲ್ಲಿಂದ ಅಯ್ಯನವರ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕೂತು ಕಾಲು ನೀವಿಕೊಳ್ಳುತ್ತಿದ್ದರು. ವಯಸ್ಸಾದವರು, ನಮ್ಮ ಮನೆಯ ಎಲ್ಲ ಸಾವು ನೋವಿಗೂ ಬಂದವರು.

"ಅಯ್ಯನವರೇ, ತಮ್ಮನನ್ನ ಕೆಲಸಕ್ಕೆ ಬಿಟ್ಟುಬಿಡಿ."

"ಅವನು ಈಗ ನಿಮ್ಮ ತಮ್ಮ ಮಾತ್ರ ಅಲ್ಲ ಅಮ್ಮ. ಸಾಕ್ಷಿ."

"ಸಾಕ್ಷಿ ಹೇಳಿ ಆಯ್ತಲ್ಲ. ಹೇಳಿದವರನ್ನ ಕೋರ್ಟಿನವರೂ ಮನೆಗೆ ಕಳಿಸ್ತಾರೆ."

ಅವರು ನಕ್ಕರು. ನಾನು ನಗಲಿಲ್ಲ. "ಆ ಯಾಯೀರನ ಸತ್ತ ಮಗಳನ್ನ ಎಬ್ಬಿಸಿದ ಮೇಲೆ ಸ್ವಾಮಿ ಏನಂದ್ರು? ಯಾರಿಗೂ ಹೇಳಬೇಡಿ, ಮಗುಗೆ ತಿನ್ನೋಕೆ ಏನಾದ್ರೂ ಕೊಡಿ ಅಂದ್ರು. ಆ ವಿಧವೆಯ ಮಗನನ್ನ ಎಬ್ಬಿಸಿದಾಗಲೂ ಅವನನ್ನ ತಾಯಿ ಕೈಗೆ ಕೊಟ್ರು. ಜೊತೆಗೆ ಕರ್ಕೊಂಡು ಊರೂರು ತಿರುಗಲಿಲ್ಲ."

ಅವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಕಾಲು ನೀವುವುದನ್ನು ಬಿಟ್ಟು, "ನೀವು ಯಾವ ಬೆಂಚಲ್ಲಿ ಕೂರ್ತೀರಿ?" ಎಂದು ಕೇಳಿದರು.

"ಎರಡನೇದು, ಗೋಡೆ ಕಡೆ."

"ಮೂರನೇ ಬೆಂಚಿನಿಂದ ಆಚೆಗೆ ಎಷ್ಟು ವರ್ಷದಿಂದ ಧೂಳು ಕೂತಿತ್ತು ನೋಡಿದೀರಾ? ನಾನು ನೋಡಿದೀನಿ, ಎದುರಿಗೆ ನಿಂತು. ಧೂಳಿಗೆ ಪ್ರಸಂಗ ಮಾಡಿದೀನಿ. ಈಗ ನಿಲ್ಲೋಕೆ ಜಾಗ ಇಲ್ಲ. ಸತ್ತಿದ್ದ ಸಭೆ ಎದ್ದಿದೆ ಅಮ್ಮ. ಅವನನ್ನ ಕಳಿಸಿಬಿಟ್ರೆ ಮತ್ತೆ ಮಲಗುತ್ತೆ."

ಆ ಮಾತಿಗೆ ನನ್ನ ಸಿಟ್ಟು ಒಂದು ಗಳಿಗೆ ಕಾಲು ಮಡಚಿ ಕೂತಿತು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಹಾಗೇ ಎದ್ದು ಬರುತ್ತಿದ್ದೆನೇನೋ. ನಿಲ್ಲಿಸಲಿಲ್ಲ. "ಮುಂದಿನ ಭಾನುವಾರ ದೊಡ್ಡ ಕೂಟ. ಹೊರಗಿನ ಸಭೆಗಳ ಹಿರಿಯರು ಬರ್ತಾರೆ, ಫೋಟೋದವರು ಬರ್ತಾರೆ. ಲಾಜರನ ದೃಶ್ಯ ಮಾಡಿಸ್ತಿದೀವಿ, ನಿಮ್ಮ ತಮ್ಮನೇ ಲಾಜರ. ಮೈಗೆ ಸುತ್ತೋ ಪಟ್ಟಿಗಳನ್ನ ನೀವೇ ಹೊಲೀಬೇಕು. ಹೊಲಿಗೆ ನಿಮ್ಮ ಕೈಯಲ್ಲಿದೆ" ಅಂದರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೆಣದ ಬಟ್ಟೆಯಿಂದ ಒಂದು ಸಲ ತಪ್ಪಿಸಿಕೊಂಡು ಬಂದವನಿಗೆ ಮತ್ತೆ ಹೆಣದ ಬಟ್ಟೆ, ಅದನ್ನು ಹೊಲಿಯಬೇಕಾದವಳು ಒಡಹುಟ್ಟಿದವಳು. ಎದ್ದು ಬಂದೆ.

ಮನೆಯಲ್ಲಿ ಎಂದಿನ ಹಾಗೆ ಜನ ತುಂಬಿದ್ದರು. ತಂಗಿ ಎಲ್ಲರನ್ನೂ ಚಾಪೆ ಹಾಕಿ ಕೂರಿಸಿದ್ದಳು. ತಮ್ಮ ನಡುವೆ ಕೂತು ಹೇಳುತ್ತಿದ್ದ: "ಮೊದಲು ಸಣ್ಣ ಬೆಳಕು. ಆಮೇಲೆ ದೊಡ್ಡದು. ಬಿಳಿ ಬಟ್ಟೆಯವರು ಸಾಲಾಗಿ..."

ನಾನು ಆ ದಿನ ಯಾರಿಗೂ ಚಹಾ ಕೊಡಲಿಲ್ಲ.

ಜನ ಹೋದ ಮೇಲೆ ಅವನನ್ನು ಅಡುಗೆಮನೆಗೆ ಕರೆದೆ. "ಬೆಳಕು ಎಲ್ಲಿಂದ ಬಂತೋ?"

ತಲೆ ತಗ್ಗಿಸಿದ. "ಏನು ಕಂಡಿತು ಅಂತಾರೆ ಅಕ್ಕ. ಕತ್ತಲು, ತಣ್ಣಗಿತ್ತು ಅಂದ್ರೆ ಅವರ ಮುಖ ಬಾಡಿಹೋಗುತ್ತೆ. ಅಷ್ಟು ದೂರದಿಂದ ಬಸ್ಸು ಹತ್ತಿ ಬಂದಿರ್ತಾರೆ. ಪಾಪ ಅನ್ನಿಸಿ ಒಂದಿಷ್ಟು ಬೆಳಕು ಹಾಕಿದೆ."

"ಬಿಳಿ ಬಟ್ಟೆಯವರು?"

"ಅವರು ನಿನ್ನೆ ಬಂದ್ರು." ಅವನ ಬಾಯಿ ನಗಲು ಹೋಗಿ ಅರ್ಧದಲ್ಲಿ ನಿಂತಿತು. ಬಕೆಟ್ಟಿನ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು ಕೂತ. "ಕೈ ತಣ್ಣಗಾಗದೆ ಇದ್ರೆ ನಿದ್ದೆ ಬರಲ್ಲ ಅಕ್ಕ. ನೋಡು, ಅಂಗೈ ಹೇಗೆ ಮೆತ್ತಗಾಗಿದೆ. ಹೆಂಗಸರ ಕೈ ಥರ."

"ಹೆಂಗಸರ ಕೈ ಮೆತ್ತಗಿರುತ್ತೆ ಅಂತ ನಿನಗೆ ಯಾರು ಹೇಳಿದ್ದು?" ಎಂದು ನನ್ನ ಕೈ ಅವನ ಮೂಗಿನ ಹತ್ತಿರ ಹಿಡಿದೆ. ಅದಕ್ಕಾದರೂ ನಗಲಿ ಎಂದು. ನಕ್ಕ.

ಅವನು ನಕ್ಕರೂ ನನ್ನ ಹೊಟ್ಟೆಯ ಉರಿ ಆರಲಿಲ್ಲ. ಹಸಿವಾದರೂ ಇನ್ನೊಬ್ಬರ ರೊಟ್ಟಿ ಮುಟ್ಟದವನು, ತೂಕದಲ್ಲಿ ಒಂದು ಚೂರು ಐಸ್ ಕಡಿಮೆ ಹಾಕದವನು, ಅವನ ಬಾಯಲ್ಲಿ ದೇವರ ಹೆಸರಿನಲ್ಲೇ ಸುಳ್ಳು ತುಂಬಿಸಿದರಲ್ಲ! ಅವನು ಸತ್ತಿದ್ದಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಆಗ ಹೋದದ್ದು ಉಸಿರು ಮಾತ್ರ. ಈಗ ನನ್ನ ತಮ್ಮನೇ ಹೋಗುತ್ತಿದ್ದ, ದಿನಕ್ಕಿಷ್ಟು, ಬಿಸಿಲಲ್ಲಿಟ್ಟ ಗಡ್ಡೆಯ ಹಾಗೆ.

ತಂಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನಿನಗೆ ಹೊಟ್ಟೆಕಿಚ್ಚು ಅಕ್ಕ. ದೇವರು ನಮ್ಮ ಮನೆಗೆ ಬಂದಿದಾನೆ, ನಿನಗೆ ಸಕ್ಕರೆ ಖರ್ಚಾಗೋದೇ ಕಾಣುತ್ತೆ. ನೀನು ಮಾರ್ಥನೇ ಸರಿ."

"ಮಾರ್ಥನೇ ಕಣೇ. ಮಾರ್ಥ ಒಲೆ ಹಚ್ಚದೆ ಇದ್ದಿದ್ರೆ ನಿನ್ನ ಮರಿಯ ಹಸಿದ ಹೊಟ್ಟೇಲಿ ಏನು ಧ್ಯಾನ ಮಾಡ್ತಿದ್ಳೋ ನೋಡ್ತಿದ್ದೆ."

"ನೀನು ಪಟ್ಟಿ ಹೊಲೀದೆ ಇದ್ರೆ ಬೇರೆಯವರು ಹೊಲೀತಾರೆ."

"ದೃಶ್ಯ ಹೇಗೆ ನಡೆಯುತ್ತಂತೆ? ಅದನ್ನ ಹೇಳು ಮೊದಲು."

ಅವಳಿಗೆ ಎಲ್ಲ ಬಾಯಿಪಾಠ. ರಟ್ಟಿನ ಗವಿ, ಬಾಯಿಗೆ ದುಂಡು ಮೇಜಿನ ಹಲಗೆಯೇ ಬಂಡೆ. ಬಂಡೆ ಸರಿಸುತ್ತಾರೆ. ಅಯ್ಯನವರು ಹೊರಗೆ ಬಾ ಎಂದು ಕೂಗುತ್ತಾರೆ. ತಮ್ಮ ಬರುತ್ತಾನೆ. ಆಮೇಲೆ ಪ್ರಸಂಗ ಮುಗಿಯುವವರೆಗೂ ಹಾಗೇ ನಿಂತಿರುತ್ತಾನೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತು ಫೋಟೋ.

"ಅವನು ಹೊರಗೆ ಬಂದ ಮೇಲೆ ಸ್ವಾಮಿ ಒಂದು ಮಾತು ಹೇಳಿದಾರಲ್ಲ?"

ತಂಗಿ ನೆಲ ನೋಡಿದಳು. "ಅದು ಬೇಡ ಅಂದ್ರು. ಬಿಚ್ಚಿಬಿಟ್ರೆ ಫೋಟೋಲಿ ಏನು ಉಳಿಯುತ್ತೆ ಅಂತ."

"ಸರಿ, ಪಟ್ಟಿ ನಾನೇ ಹೊಲೀತೀನಿ" ಅಂದೆ.

ನಾನು ಹಿಟ್ಟಿನ ಗಿರಣಿಯಲ್ಲಿ ಗೋಣಿಚೀಲದ ಬಾಯಿ ಹೊಲಿದು ಬದುಕಿದವಳು. ದಬ್ಬಣಕ್ಕೆ ಹುರಿ ಪೋಣಿಸಿ ಕುಣಿಕೆಯೊಳಗೆ ಕುಣಿಕೆ ತೂರಿಸಿಕೊಂಡು ಹೋಗುವ ಸರಪಳಿ ಹೊಲಿಗೆ ಅದು. ಚೀಲವನ್ನು ಮಹಡಿಯಿಂದ ಎಸೆದರೂ ಬಾಯಿ ಬಿಡುವುದಿಲ್ಲ. ಆದರೆ ಕೊನೆಯ ಕುಣಿಕೆಯಿಂದ ಬಾಲ ಬಿಡಿಸಿ ಒಂದು ಸಲ ಎಳೆದರೆ ಸಾಕು, ಜರ್ರೆಂದು ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಲಿಕ್ಕೆಂದೇ ಹೊಲಿಯುವ ಹೊಲಿಗೆ. ಹಾಗಿಲ್ಲದೆ ಹಿಟ್ಟು ಹೊರಗೆ ಬರುವುದು ಹೇಗೆ?

ಭಾನುವಾರ ಬೆಳಗ್ಗೆ ಗುಡಿಯ ಪಕ್ಕದ ಕೋಣೆಯಲ್ಲಿ ತಮ್ಮನನ್ನು ನಿಲ್ಲಿಸಿಕೊಂಡೆ. ಒಳಗೆ ಏನು ಹಾಕಿಕೊಳ್ಳಲಿ ಎಂದು ಕೇಳಿದ್ದಕ್ಕೆ ಫ್ಯಾಕ್ಟರಿ ಬಟ್ಟೆ ಹಾಕಿಕೋ ಎಂದಿದ್ದೆ. ಹಳೆಯ ಹಾಸಿಗೆ ಬಟ್ಟೆಯ ಪಟ್ಟಿಗಳನ್ನು ಕಾಲಿನಿಂದ ಸುತ್ತುತ್ತ ಬಂದು, ಬೆನ್ನುದ್ದಕ್ಕೂ ಒಂದೇ ಹುರಿಯಲ್ಲಿ ಹೊಲಿದೆ. ಬಾಲವನ್ನು ಎಡ ಭುಜದ ಮೇಲೆ ಬಿಟ್ಟೆ.

ಅವನು ಕತ್ತು ಹೊರಳಿಸಿ ನೋಡಿದ. "ಅಕ್ಕ, ಇದು ಗೋಣಿ ಹೊಲಿಗೆ."

"ಗೊತ್ತು. ಸುಮ್ಮನೆ ನಿಂತ್ಕೋ."

"ನನ್ನನ್ನ ಎಲ್ಲಿಗೆ ಲೋಡ್ ಮಾಡ್ತಿದೀಯ?"

"ಬಾಯಿ ಮುಚ್ಚು. ಸತ್ತವರು ಮಾತಾಡಲ್ಲ."

ಗುಡಿ ತುಂಬಿ ಕಿಟಕಿಗಳಲ್ಲೂ ತಲೆಗಳು. ಹೊರಗಿನ ಹಿರಿಯರು ಮುಂದಿನ ಸಾಲಿನಲ್ಲಿ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಂಬದ ಪಕ್ಕ. ಮೀನಮ್ಮ ಹಿಂದೆ, ಬುಟ್ಟಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಬಂದವಳು. ನಾನು ನನ್ನ ಎರಡನೇ ಬೆಂಚಿನ ಮೂಲೆಯಲ್ಲಿ.

ಬಂಡೆ ಸರಿಯಿತು. ಅಯ್ಯನವರು ಕೂಗಿದರು. ಗವಿಯೊಳಗಿಂದ ನನ್ನ ತಮ್ಮ ಬಂದ, ಕಾಲು ಕಟ್ಟಿದ್ದರಿಂದ ಕುಪ್ಪಳಿಸಿಕೊಂಡು, ಗೋಣಿಚೀಲದ ಓಟದಲ್ಲಿ ಮಕ್ಕಳು ಬರುವ ಹಾಗೆ. ಮಕ್ಕಳು ಕಿಸಕ್ಕೆಂದವು, ದೊಡ್ಡವರು ಗದರಿದರು. ಫೋಟೋದ ಬೆಳಕು ಫಳ್ ಫಳ್ ಎಂದಿತು. ಅಯ್ಯನವರು ಅವನ ಭುಜದ ಮೇಲೆ ಕೈಯಿಟ್ಟು ಪ್ರಸಂಗ ತೆಗೆದರು.

ಪ್ರಸಂಗ ಎಂದರೆ ಗೊತ್ತಲ್ಲ, ಹೊರಗಿನವರು ಬಂದ ದಿನ ಅದಕ್ಕೆ ಬಾಲ ಉದ್ದ. ಸೆಕೆ. ತಮ್ಮನ ಹಣೆಯಿಂದ ಬೆವರು ಇಳಿದು ಪಟ್ಟಿಯೊಳಗೆ ಹೋಗುತ್ತಿತ್ತು. ಒಂದು ನೊಣ ಬಂದು ಅವನ ಮೂಗಿನ ಮೇಲೆ ಕೂತಿತು. ಕೈ ಒಳಗೆ ಕಟ್ಟಿದೆ. ಮೂಗು ಅಲುಗಿಸಿದ, ನೊಣ ಹಾರಿ ಮತ್ತೆ ಅಲ್ಲೇ ಕೂತಿತು. ತುಟಿ ಸೊಟ್ಟ ಮಾಡಿ ಊದಿದ. ನೊಣ ರೆಪ್ಪೆಗೆ ಹೋಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ಅದನ್ನು ನೋಡುತ್ತಲೇ ಇದ್ದರು. ಯಾರೂ ಏಳಲಿಲ್ಲ. ಸತ್ತು ಎದ್ದವನ ಕಣ್ಣಿನ ಮೇಲಿನ ನೊಣ ಓಡಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ನಾನು ಎದ್ದು ನಿಂತೆ.

"ಅಯ್ಯನವರೇ, ಮುಂದಿನ ಮಾತು ಹೇಳಿ."

ಪ್ರಸಂಗ ತುಂಡಾಯಿತು. "ಅಮ್ಮ, ಕೂತ್ಕೊಳ್ಳಿ."

"ಅವನು ನಿಂತಿದಾನಲ್ಲ, ನಾನೂ ನಿಂತಿರ್ತೀನಿ. ಹೊರಗೆ ಬಾ ಅಂದ್ರಿ, ಬಂದ. ಸ್ವಾಮಿ ಅಲ್ಲಿಗೇ ಬಾಯಿ ಮುಚ್ಚಲಿಲ್ಲ. ಮುಂದೆ ಒಂದು ಮಾತು ಹೇಳಿದ್ರು. ಅದನ್ನ ಹೇಳಿ."

"ಆಮೇಲೆ ಮಾತಾಡೋಣ."

"ಆಗ್ಲಿ, ಕಾಯ್ತೀನಿ. ಕಾಯೋದು ನನಗೆ ಹೊಸದಲ್ಲ" ಎಂದೆ. ಕೂರಲಿಲ್ಲ.

ಗುಡಿಯಲ್ಲಿ ಗುಸುಗುಸು ಎದ್ದಿತು. ಹೊರಗಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯನವರು ಕರವಸ್ತ್ರದಿಂದ ಹಣೆ ಒರೆಸಿ ಪ್ರಸಂಗದ ತುಂಡನ್ನು ಮತ್ತೆ ಹಿಡಿಯಲು ನೋಡಿದರು, ಸಿಗಲಿಲ್ಲ. ಹಿಂದಿನಿಂದ ಮೀನಮ್ಮ ಸಂತೆಯ ಗಂಟಲಿನಲ್ಲಿ, "ಹೇಳ್ರಿ ಅಯ್ಯನವರೇ! ಆ ಮಾತು ನಮಗೂ ಗೊತ್ತು. ನೀವೇ ಕಲಿಸಿದ್ದಲ್ವಾ?" ಅಂದಳು.

ಆಗ ತಂಗಿ ಎದ್ದಳು. ನನ್ನನ್ನು ಕೂರಿಸಲು ಬರುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಮುಂದೆ ಹೋಗಿ, ಸೆರಗಿನಿಂದ ತಮ್ಮನ ಕಣ್ಣಿನ ಮೇಲಿನ ನೊಣ ಓಡಿಸಿ, ಮುಖದ ಬೆವರು ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಮುಖವೇ ಒದ್ದೆಯಾಯಿತು. "ಹೇಳಿಬಿಡಿ ಅಯ್ಯನವರೇ. ಇವನು ನಮ್ಮ ಗಡ್ಡೆ" ಅಂದಳು.

ಅಯ್ಯನವರು ತುಂಬಿದ ಬೆಂಚುಗಳನ್ನು ನೋಡಿದರು. ಕಿಟಕಿಗಳನ್ನು ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಆದರೂ ನಾನು ಕೂರಲಿಲ್ಲ. ಕೊನೆಗೆ ಅವರು ತಮ್ಮನ ಮುಖ ನೋಡಿದರು. ಆ ಕುರ್ಚಿ ಹಾಕಿದ ದಿನದಿಂದ ಇದೇ ಮೊದಲ ಸಲ ನೋಡಿದರೇನೋ.

"ಅವನ ಕಟ್ಟುಗಳನ್ನ ಬಿಚ್ಚಿ" ಅಂದರು. ದನಿ ಮೇಜಿನಾಚೆಗೆ ದಾಟಲಿಲ್ಲ.

"ಪೂರ್ತಿ ಹೇಳಿ" ಅಂದೆ.

"ಹೋಗಲಿ ಬಿಡಿ."

ನಾನು ಕಂಬದ ಕಡೆ ತಿರುಗಿದೆ. "ಮೇಸ್ತ್ರಿ, ಕೇಳಿಸ್ತಾ?"

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಅವನು ಇಸ್ತ್ರಿ ಅಂಗಿಯೊಳಗೆ ಕುಗ್ಗಿಹೋದ. "ಕೇಳಿಸ್ತಮ್ಮ."

"ಇಡೀ ಸಭೆಗೆ ಕೇಳಿಸಿದೆ. ನಾಳೆ ಇಲ್ಲ ಅನ್ನಬೇಡ."

ಮುಂದೆ ಹೋಗಿ ತಮ್ಮನ ಭುಜದ ಮೇಲಿನ ಬಾಲವನ್ನು ಕುಣಿಕೆಯಿಂದ ಬಿಡಿಸಿ ಎಳೆದೆ. ಜರ್ರೆಂದಿತು. ಪಟ್ಟಿಗಳೆಲ್ಲ ಸಡಿಲಾಗಿ ಸೊಂಟಕ್ಕೆ, ಮಂಡಿಗೆ, ಆಮೇಲೆ ನೆಲಕ್ಕೆ. ಒಳಗಿದ್ದದ್ದು ಮೋಟು ಚಡ್ಡಿ, ತೋಳಿಲ್ಲದ ಬನಿಯನ್ನು, ರಬ್ಬರ್ ಬೂಟು. ಫೋಟೋದವನು ಕ್ಯಾಮೆರಾ ಇಳಿಸಿದ. ಬಿಳಿ ಬಟ್ಟೆಯ ಗುಡ್ಡೆಯಿಂದ ತಮ್ಮ ಒಂದು ಕಾಲು ಎತ್ತಿ ಹೊರಗಿಟ್ಟ, ಇನ್ನೊಂದು ಎತ್ತಿಟ್ಟ. ಮೊದಲು ಎರಡೂ ಕೈಯಿಂದ ಮೂಗು ತಿಕ್ಕಿಕೊಂಡ, ಚೆನ್ನಾಗಿ. ಆಮೇಲೆ ಜನರ ಕಡೆ ತಿರುಗಿ ಹೇಳಿದ:

"ಬೆಳಕು ಕಂಡಿರಲಿಲ್ಲ ನನಗೆ. ಬಿಳಿ ಬಟ್ಟೆಯವರೂ ಇರಲಿಲ್ಲ. ದೂರದಿಂದ ಬಂದೋರು ಬೇಜಾರು ಮಾಡ್ಕೋಬೇಡಿ. ಕತ್ತಲಿತ್ತು. ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಆಮೇಲೆ ಅಕ್ಕನ ಕೈ ಬಂತು, ಅಯ್ಯನವರ ದನಿ ಬಂತು. ಅಷ್ಟೇ."

ಬೆಂಚುಗಳ ನಡುವೆ ಬೂಟಿನ ಸದ್ದು ಮಾಡುತ್ತ ನಡೆದು ಹೋದ. ಐಸ್ ಫ್ಯಾಕ್ಟರಿಗೆ ಭಾನುವಾರ ಎಂಬುದಿಲ್ಲ. ಮೇಸ್ತ್ರಿ ಬೀಗದ ಕೈ ತಡಕಾಡುತ್ತ ಅವನ ಹಿಂದೆ ಓಡಿದ.

ಪ್ರಸಂಗ ಮುಂದುವರಿಯಲಿಲ್ಲ. ಅಯ್ಯನವರು ಆ ಕೆಂಪು ಕುರ್ಚಿಯ ಮೇಲೆ ತಾವೇ ಕೂತುಬಿಟ್ಟರು. ಗುಡಿಯಲ್ಲಿ ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಯಾರೋ ಹಾಡು ಎತ್ತಿದರು, ಜನ ಹಾಡಿದರು. ಮುಂದಿನ ವಾರ ಬೆಂಚುಗಳಲ್ಲಿ ಜನ ಕಡಿಮೆಯೇ ಇದ್ದರು. ಆದರೆ ಮೂರನೇ ಬೆಂಚಿನಾಚೆಯೂ ಕೆಲವರಿದ್ದರು. ಅಯ್ಯನವರು ನನ್ನ ಜೊತೆ ಮಾತಾಡಲಿಲ್ಲ. ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಅವರಿಗೆ ಕಾಲು ನೋವೆಂದು ತಂಗಿಯ ಕೈಯಲ್ಲಿ ಎಣ್ಣೆ ಕಳಿಸಿದ್ದೆ. ಸೀಸೆ ಹಿಂದಕ್ಕೆ ಬಂತು, ಖಾಲಿಯಾಗಿ. ಸಿಟ್ಟು ಮೇಲಿನದು ಎಂದುಕೊಂಡೆ.

ಆ ಕೂಟದ ಮರುದಿನ, ಸೋಮವಾರ ಬೆಳಗ್ಗೆ, ನಾನು ಫ್ಯಾಕ್ಟರಿಗೆ ಹೋಗಿದ್ದೆ. ತಮ್ಮ ಹಲಗೆಯ ಮೇಲೆ ಗಡ್ಡೆ ಜಾರಿಸುತ್ತಿದ್ದ. ಮೀನಮ್ಮ ಬುಟ್ಟಿ ಹಿಡಿದು ನಿಂತಿದ್ದಳು.

"ಏ ಗಡ್ಡೆ, ಆ ದೊಡ್ಡದು ಹಾಕೋ."

"ನಿನ್ನ ಮೀನು ಎದ್ದು ಓಡಿದ್ರೆ?"

"ಓಡ್ಲಿ, ನೀನೇ ಹಿಡ್ಕೊಡೋವಂತೆ. ಬೇಗ ಹಾಕು, ಬಿಸಿಲು ಏರ್ತಿದೆ."

ನಾನು ನೇರ ಮೇಸ್ತ್ರಿಯ ಹತ್ತಿರ ಹೋದೆ. ಅವನು ನನ್ನನ್ನು ಕಂಡೊಡನೆ, "ಹಾಕಿಸಿದೀನಮ್ಮ, ನಿನ್ನೆ ಸಂಜೆನೇ ಬಡಗಿ ಬಂದಿದ್ದ" ಅಂದ.

"ಬಾಯಿ ಮಾತು ಬೇಡ. ದೇವರು ಒಂದು ಸಲ ಎಬ್ಬಿಸಿದಾನೆ. ಇನ್ನೊಂದು ಸಲ ಎಬ್ಬಿಸ್ತಾನೆ ಅಂತ ಬರೆದುಕೊಟ್ಟಿಲ್ಲ" ಎಂದು ಉಗ್ರಾಣದೊಳಗೆ ಹೋದೆ. "ಬಾಗಿಲು ಹಾಕು. ಹೊರಗಿನ ಚಿಲಕ ಬೀಳಿಸು."

"ಅಮ್ಮಾ, ಈ ವಯಸ್ಸಲ್ಲಿ..."

"ಹಾಕು."

ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಚಳಿ ಸೀರೆಯೊಳಗಿಂದ ಮೂಳೆಗೆ ಇಳಿಯಿತು. ನಾನು ಒಂದು ಗಳಿಗೆ ಹಾಗೇ ನಿಂತೆ, ಅವನು ಇಡೀ ರಾತ್ರಿ ಇದ್ದ ಜಾಗ ಎಂಥದೆಂದು ತಿಳಿಯಬೇಕಿತ್ತು. ಹಲಗೆ ತಡವಿದೆ. ಮುಷ್ಟಿ ಬಡಿದ ಎತ್ತರದಲ್ಲಿ ಹೊಸ ಕಬ್ಬಿಣದ ಹಿಡಿ ಸಿಕ್ಕಿತು. ಒತ್ತಿದೆ, ಹೊರಗಿನ ಚಿಲಕ ಎದ್ದಿತು, ನೂಕಿದೆ. ಎಣ್ಣೆ ಹಾಕಿದ್ದರು, ಸಲೀಸಾಗಿ ತೆರೆಯಿತು.

ಬಾಗಿಲಾಚೆ ತಮ್ಮ ಕೊಕ್ಕೆ ಹಿಡಿದು ನಿಂತಿದ್ದ, ಹಲ್ಲು ಕಿಸಿದುಕೊಂಡು.

"ಏನು ಕಂಡಿತು ಅಕ್ಕ ಒಳಗೆ?"

"ಕತ್ತಲು ಕಣೋ," ಅಂದೆ, "ತಣ್ಣಗಿತ್ತು."